ತಿರುಗಿ ಕೇಳುವ ತಂತಿ

ಕೋಲ್ಡ್ ಸ್ಟೋರೇಜಿನಲ್ಲಿ ಎಲ್ಲರೂ ಅವನನ್ನು ಕಿವಿಯಣ್ಣ ಎಂದೇ ಕರೆಯುತ್ತಿದ್ದರು. ಕಿವಿ ದೊಡ್ಡದಿತ್ತು ಎಂದಲ್ಲ. ಒಂಬತ್ತು ಕೋಣೆಗಳ ಸ್ಪೀಕರುಗಳನ್ನು ಮೂವತ್ತು ವರ್ಷ ನೋಡಿಕೊಂಡವನು, ನೋಡಿಕೊಳ್ಳುವ ರೀತಿಯೇ ಬೇರೆ. ಬೇರೆಯವರು ಮೀಟರು ಹಿಡಿದರೆ ಇವನು ಆಂಪ್ಲಿಫೈಯರಿನಿಂದ ತಂತಿ ಬಿಚ್ಚಿ, ಅದರ ತುದಿಗೆ ಹಳೆಯ ಹೆಡ್‌ಫೋನು ಸಿಕ್ಕಿಸಿ, ಕಣ್ಣು ಮುಚ್ಚಿ ಕೂರುತ್ತಿದ್ದ. ಸ್ಪೀಕರಿಗೆ ಮಾತು ಕಳಿಸಿದರೆ ಮಾತಾಡುತ್ತದೆ. ಕಳಿಸದೆ ಬಿಟ್ಟರೆ ಅದೇ ಸ್ಪೀಕರು ಕೇಳಿಸಿಕೊಳ್ಳುತ್ತದೆ, ಕೇಳಿದ್ದನ್ನು ಅದೇ ತಂತಿಯಲ್ಲಿ ಸಣ್ಣಗೆ ವಾಪಸು ಕಳಿಸುತ್ತದೆ. ಯಾವ ಕೋಣೆಯಲ್ಲಿ ಯಾರು ಕೆಮ್ಮಿದರು, ಯಾವ ಗಾಡಿಯ ಚಕ್ರಕ್ಕೆ ಎಣ್ಣೆ ಬೇಕು, ಎಲ್ಲ ಅವನಿಗೆ ಕೂತಲ್ಲೇ ಗೊತ್ತಾಗುತ್ತಿತ್ತು.

ಆದರೆ ತಂತಿ ಚಳಿಗೆ ಬಿರುಕು ಬಿಟ್ಟಿತ್ತು. ಹದಿನೈದು ದಿನದ ಹಿಂದೆ 'ಬಾಗಿಲು ಹಾಕುತ್ತೇವೆ, ಹೊರಗೆ ಬನ್ನಿ' ಎಂದು ಕೂಗಿದ್ದು ಏಳನೇ ಕೋಣೆಗೆ ಕೇಳಿಸಲೇ ಇಲ್ಲ. ಬಾಗಿಲಿನ ಒಳಗಿನ ಹಿಡಿಯೂ ಕಚ್ಚಿಕೊಂಡಿತ್ತು. ಒಳಗೆ ಉಳಿದ ಹಮಾಲಿ ಎರಡು ಬೆರಳು ಕಳೆದುಕೊಂಡ. ಬಿರುಕಿಗೆ ಕಿವಿಯಣ್ಣ ಸದ್ಯಕ್ಕೆ ಟೇಪು ಸುತ್ತಿದ್ದ, ಆದರೂ ಆಗಿನಿಂದ ಆ ಕೋಣೆ ಖಾಲಿ, ಯಂತ್ರ ಮಾತ್ರ ಓಡುತ್ತಿತ್ತು.

ಮ್ಯಾನೇಜರಮ್ಮ ನೆಟ್ಟಗೆ ಹೇಳಿಬಿಟ್ಟಿದ್ದಳು: "ಹಳೇ ಥರದ್ದೇ ಹೊಸದಾಗಿ ಹಾಕ್ಸೋದೋ, ನೆಟ್‌ವರ್ಕಿಂದು ತರ್ಸೋದೋ, ನೀವೇ ಹೇಳಿ ಕಿವಿಯಣ್ಣ. ನೀವು ಹೂಂ ಅಂದಿದ್ದಕ್ಕೆ ನಾನು ಸೈನ್ ಹಾಕ್ತೀನಿ."

ನೆಟ್‌ವರ್ಕ್ ಕಂಪನಿಯವರು ಕಳಿಸಿದ್ದು ಯಾರನ್ನು? ಅವನ ಅಕ್ಕನ ಮಗಳನ್ನೇ. ತಾಯಿ ಹೋದ ಮೇಲೆ ಅವನ ಮನೆಯಲ್ಲೇ, ಅವನ ಸ್ಕ್ರೂಡ್ರೈವರು ಕದ್ದು ರೇಡಿಯೋ ಬಿಚ್ಚಿ ಬೆಳೆದವಳು. ಈ ಕೆಲಸ ಸಿಕ್ಕರೆ ಕಂಪನಿ ಅವಳನ್ನು ಇಲ್ಲೇ, ಇವೇ ಕೋಣೆಗಳ ಉಸ್ತುವಾರಿಗೆ ಇಡುತ್ತಿತ್ತು. ಮುದುಕನಿಗೂ ಅದೇ ಆಸೆ.

"ನಿನ್ನ ತಂತಿ ಒಂದು ಕಡೆ ಕಟ್ಟಾದ್ರೆ ಮುಂದಿನ ಕೋಣೆಗಳೆಲ್ಲಾ ಮೂಕ," ಎಂದಳು ಅವಳು, ಲ್ಯಾಪ್‌ಟಾಪು ಬಿಚ್ಚುತ್ತ. "ನಂದು ಹಾಗಲ್ಲ ಮಾವ. ಒಂದೊಂದು ಸ್ಪೀಕರಿಗೂ ಒಂದೊಂದು ವಿಳಾಸ. ಏಳಕ್ಕೆ ಮಾತ್ರ ಹೇಳ್ಬೇಕಾ, ಏಳಕ್ಕೆ ಮಾತ್ರ ಹೇಳು. ಕೆಟ್ರೆ ತಾನೇ ಕೆಟ್ಟೆ ಅಂತ ಹೇಳತ್ತೆ."

"ನಡುವಿನ ಸ್ವಿಚ್ಚು ಸತ್ರೆ?"

"ನಿನ್ನ ಆಂಪ್ಲಿಫೈಯರೇನು ಅಮೃತ ಕುಡಿದು ಬಂದಿದ್ಯಾ?"

"ಬಾಯಿಗೇನೂ ಬರ ಇಲ್ಲ."

"ಯಾರ ಮನೇಲಿ ಬೆಳೆದಿದ್ದು?"

ಸುಳ್ಳೇಕೆ, ಅವನು ಮನಸ್ಸಿನಲ್ಲಿ ಆಗಲೇ ಹೂಂ ಅಂದಾಗಿತ್ತು. ಅವಳು ಪರೀಕ್ಷೆಗೆಂದು ಪ್ರತಿ ಕೋಣೆಗೂ ತನ್ನದೊಂದು ಸ್ಪೀಕರು ಹಾಕಿದ್ದಳು. ಪರದೆಯ ಮೇಲೆ ಒಂಬತ್ತೂ ಹಸಿರು ಚುಕ್ಕೆ. ಹಳೆಯ ತಂತಿ ಕಿತ್ತುಹಾಕುವ ಮುಂಚೆ ಕೊನೆಯ ಸಲ ಕೇಳೋಣ ಎಂದು ಹೆಡ್‌ಫೋನು ಹಾಕಿಕೊಂಡ.

ಒಂಬತ್ತು ಫ್ಯಾನುಗಳ ಗುಂಯ್ ಸದ್ದು. ಅದರೊಳಗೆ ಏಳನೆಯದರ ಕುಂಟು ಟಕ್, ಅದಕ್ಕೆ ಅಂಟಿಕೊಂಡಂತೆ ಯಾರೋ ಬಾಗಿಲು ಬಡಿಯುವ ಸದ್ದು. ಆಮೇಲೆ ದನಿ.

"ಮಾವ, ಬಾಗಿಲು ತೆಗಿ. ಹಿಡಿ ಬರ್ತಿಲ್ಲ."

ಅವನು ಕಣ್ಣು ಬಿಟ್ಟ. ಅಕ್ಕನ ಮಗಳು ಎದುರಿಗೇ ಕೂತಿದ್ದಳು, ತುಟಿ ಕಚ್ಚಿಕೊಂಡು ಏನೋ ಟೈಪು ಮಾಡುತ್ತ. ಕಿವಿಯಲ್ಲಿ ಅವಳದೇ ದನಿ ಮತ್ತೆ ಕರೆಯಿತು.

ಅವಳ ಕೈ ಹಿಡಿದೆಳೆದುಕೊಂಡೇ ಏಳಕ್ಕೆ ಓಡಿದ. ಬಾಗಿಲು ತೆಗೆದರೆ ಒಳಗೆ ಯಾರೂ ಇಲ್ಲ. ನೆಲದ ಮೇಲೆ ಹಿಮ ಹಿಟ್ಟು ಜರಡಿ ಹಿಡಿದಂತೆ ಬಿದ್ದಿತ್ತು, ಒಂದು ಹೆಜ್ಜೆ ಗುರುತಿಲ್ಲ. ವಾಪಸು ಬಂದು ಹೆಡ್‌ಫೋನು ಅವಳ ಕಿವಿಗೆ ಹಾಕಿದ.

"ಫ್ಯಾನು ಮಾವ," ಎಂದಳು. "ಬರೀ ಫ್ಯಾನು. ನೀರು ಕುಡಿತೀಯಾ?"

ಅವನು ಕುಡಿಯಲಿಲ್ಲ. ಸೀದಾ ಮ್ಯಾನೇಜರಮ್ಮನ ಮುಂದೆ ನಿಂತ. ಹಿಂದೆಯೇ ಇವಳೂ ಬಂದಳು.

"ಹಳೇದೇ ಹಾಕ್ಸಿ. ಏಳಕ್ಕೆ ಬೀಗ ಹಾಕ್ಸಿ."

"ಯಾಕೆ? ಬೆಳಗ್ಗೆ ಹೊಗಳ್ತಿದ್ರಲ್ಲ."

ಅವಳು ಈ ಕೋಣೆಗಳ ಹತ್ತಿರ ಇರಲೇಬಾರದು, ಆದರೆ ನಿಜ ಹೇಳಿದರೆ ಯಾರು ನಂಬುತ್ತಾರೆ. "ಅವಳ ಮಾಲು ಚಳಿಗೆ ತಡೆಯಲ್ಲ," ಎಂದುಬಿಟ್ಟ.

"ಮೈನಸ್ ಮೂವತ್ತರಲ್ಲಿ ಪರೀಕ್ಷೆ ಮಾಡಿರೋದು," ಎಂದಳು ಅಕ್ಕನ ಮಗಳು, ದನಿ ಏರಿಸದೆ. "ನಿಂಗೂ ಗೊತ್ತು."

ಗೊತ್ತಿತ್ತು. ಮುಖ ಬೇರೆ ಕಡೆ ತಿರುಗಿಸಿದ. ಅವಳು ತನ್ನ ಒಂಬತ್ತೂ ಸ್ಪೀಕರು ಬಿಚ್ಚಿ ಡಬ್ಬಿಗೆ ತುಂಬಿದಳು. ಏಳನೆಯದನ್ನು ಬಿಚ್ಚುವಾಗ ಅವನು ಬಾಗಿಲು ಮುಚ್ಚಿಕೊಳ್ಳದಂತೆ ಅದಕ್ಕೆ ಬೆನ್ನು ಕೊಟ್ಟು ಅಡ್ಡ ನಿಂತಿದ್ದ. ಹೊರಡುವಾಗ ಬರ್ತೀನಿ ಎನ್ನಲಿಲ್ಲ, ಹೋಗ್ತೀನಿ ಎಂದಳು.

ತಿಂಗಳೊಪ್ಪತ್ತು ಅವಳು ಫೋನು ಎತ್ತಲಿಲ್ಲ. ಕಂಪನಿ ಅವಳನ್ನು ದೂರದ ಊರಿಗೆ ಕಳಿಸಿತ್ತು. ಇಲ್ಲಿ ಹೊಸ ತಂತಿ ಎಳೆದಾಗಿತ್ತು. ಏಳನೇ ಬಾಗಿಲಿಗೆ ಮುಷ್ಟಿ ಗಾತ್ರದ ಬೀಗ, ಕೀಲಿ ಅವನ ಸೊಂಟದಲ್ಲಿ. ಹೆಡ್‌ಫೋನು ಹಾಕಿದಾಗಲೆಲ್ಲ ಒಂಬತ್ತು ಫ್ಯಾನು ಬಿಟ್ಟರೆ ಬೇರೇನಿಲ್ಲ. ಗೆದ್ದೆ ಅಂದುಕೊಂಡ. ಒಂದು ಮಧ್ಯಾಹ್ನ, ಒಂದು ಕಿವಿಗೆ ಹೆಡ್‌ಫೋನು ಏರಿಸಿ ತಂತಿ ನೋಡುತ್ತ, ಇನ್ನೊಂದಕ್ಕೆ ಫೋನು ಹಿಡಿದು ಸುಮ್ಮನೆ ನಂಬರು ಒತ್ತಿದ. ಎತ್ತಿದಳು.

"ಹೇಳು ಮಾವ." ಹಿಂದೆ ಬಸ್ಸಿನ ಹಾರ್ನು, ಯಾರದೋ ನಗು. "ಚಾವಣಿ ಮೇಲಿದ್ದೀನಿ, ಬಿಸಿಲು ತಲೆ ಸೀಳ್ತಿದೆ. ಕೋಪ ಹೋಗಿಲ್ಲ, ಹೇಳಿರ್ತೀನಿ."

"ಕೋಪ ಮಾಡ್ಕೊಂಡೇ ಇರು," ಎಂದ ಅವನು. "ಅಲ್ಲೇ ಇರು. ಊಟ ಆಯ್ತಾ?"

ಅವಳು ಉತ್ತರ ಕೊಡುವಷ್ಟರಲ್ಲಿ ಇನ್ನೊಂದು ಕಿವಿಯಲ್ಲಿ ಆ ಕುಂಟು ಟಕ್ ಹತ್ತಿರ ಬಂದಂತಾಯಿತು. ಬಡಿತ ಈಗ ನಿಧಾನ, ಕೈ ಸೋತವರದು. ಹಲ್ಲು ಕಟಕಟ ಎನ್ನುವ ನಡುವೆ ಅವಳ ದನಿ, ಸಿಟ್ಟೇ ಇಲ್ಲದೆ, ಚಿಕ್ಕವಳಿದ್ದಾಗ ಕೇಳುತ್ತಿದ್ದ ಹಾಗೆ ಕೇಳಿತು:

"ಮಾವ, ಬೀಗ ಯಾಕೆ ಹಾಕ್ಸಿದೆ?"

"ಆಯ್ತು ಮಾವ, ಆಗ್ಲೇ ಉಂಡೆ," ಎಂದಳು ಬಿಸಿಲಿನವಳು. "ಏನು, ಮಾತೇ ಇಲ್ಲ? ಇದ್ದೀಯಾ?"

ಅವನ ಕೈ ಸೊಂಟದ ಕೀಲಿಯ ಮೇಲಿತ್ತು.

"ಇದ್ದೀನಿ ಕಣೇ," ಎಂದ. ಯಾವ ಕಿವಿಯವಳಿಗೆ ಹೇಳಿದೆನೆಂದು ಅವನಿಗೇ ತಿಳಿಯಲಿಲ್ಲ.