ಅಣ್ಣನ ಬಾಯಿಗೆ ಬಂದ ಪದ್ಯ

ಅತ್ತಿಗೆ ಕರಪತ್ರವನ್ನು ಊಟದ ಮೇಜಿನ ಮೇಲೆ ಹರಡಿಕೊಂಡು, ಅದರ ಮಡಿಕೆಗಳನ್ನು ಅಂಗೈಯಿಂದ ಉಜ್ಜಿ ಉಜ್ಜಿ ನೇರ ಮಾಡುತ್ತಿದ್ದರು. ವಯಸ್ಕರಿಗೆ ಕಥೆ, ಕವಿತೆ ಬರೆಯುವ ತರಬೇತಿ ಎಂದು ಮೇಲೆ ದಪ್ಪಕ್ಷರದಲ್ಲಿತ್ತು. ಕೆಳಗೆ ಮೂರು ತರಗತಿಗಳು. ಮೊದಲನೆಯದು ಈವರೆಗೆ ಏನನ್ನೂ ಬರೆಯದವರಿಗೆ. ಎರಡನೆಯದು ಶುರುಮಾಡಿ ಅರ್ಧಕ್ಕೆ ಬಿಟ್ಟವರಿಗೆ. ಮೂರನೆಯದು ಬರೆದದ್ದು ಅಚ್ಚಾಗಿ, ಇನ್ನೂ ಬರೆಯುತ್ತಿರುವವರಿಗೆ. ಅದಕ್ಕೆ ಮಾತ್ರ ಸಂದರ್ಶನ.

“ಮೂರನೇದೇ,” ಎಂದರು ಅತ್ತಿಗೆ. “ಅದಕ್ಕಿಂತ ಕೆಳಗಿಂದಕ್ಕೆ ಸೇರ್ಸಿದ್ರೆ ಇವರಿಗೆ ಅವಮಾನ. ಏನಂತೀಯ ಕಿವಿ?”

ಕಿವಿ ಎಂದರೆ ನಾನು. ಅಣ್ಣ ಇಟ್ಟ ಹೆಸರು. ಚಿಕ್ಕಂದಿನಲ್ಲಿ ಮನೆಯಲ್ಲಿ ಯಾರು ಮಾತಾಡಿದರೂ ನಾನು ತುಟಿ ಬಿಚ್ಚದೆ ಕೇಳುತ್ತ ಕೂರುತ್ತಿದ್ದೆ. ದೇವರು ಇವಳಿಗೆ ಬಾಯಿ ಇಡುವ ಜಾಗದಲ್ಲೂ ಮರೆತು ಇನ್ನೊಂದು ಕಿವಿ ಇಟ್ಟುಬಿಟ್ಟ ಎಂದು ಅವನು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದ. ನಾನು ಪರದೆ ಹೊಲಿಯುವ ಅಂಗಡಿ ಇಟ್ಟೆ, ತಲೆ ನರೆಯಿತು, ಹೆಸರು ಮಾತ್ರ ಉದುರಲಿಲ್ಲ.

ಹೆಸರಿಟ್ಟವನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಅಣ್ಣ ಆಯುಷ್ಯವೆಲ್ಲ ವಾರಪತ್ರಿಕೆಯೊಂದಕ್ಕೆ ಪತ್ತೇದಾರಿ ಧಾರಾವಾಹಿ ಬರೆದವನು. ವಾರಕ್ಕೊಂದು ಹೆಣ ಬೀಳಿಸಿ ಸಂಸಾರ ನಡೆಸುತ್ತಿದ್ದೇನೆ ಎನ್ನುತ್ತಿದ್ದ. ಹೋದ ವರ್ಷ ಮೆದುಳಿಗೆ ಹೋಗುವ ರಕ್ತ ಎಲ್ಲೋ ಕಟ್ಟಿಕೊಂಡು, ಬಲಗೈಯೂ ಮಾತೂ ಒಟ್ಟಿಗೆ ಹೋದವು. ನಾವು ಹೇಳಿದ್ದೆಲ್ಲ ಅವನಿಗೆ ಅರ್ಥವಾಗುತ್ತಿತ್ತು. ಹೇಳಲು ಮಾತ್ರ ಉಳಿದದ್ದು ಎರಡೇ, ‘ಹೌದು’ ಮತ್ತು ‘ಇದಲ್ಲ’. ಅವೂ ಅವನ ಮಾತು ಕೇಳುತ್ತಿರಲಿಲ್ಲ. ನೀರು ಬೇಕೆಂದು ಬಾಯಿ ತೆರೆದರೆ ‘ಹೌದು’ ಬರುತ್ತಿತ್ತು, ಬೇಡವೆಂದರೂ ‘ಹೌದು’ ಬರುತ್ತಿತ್ತು. ತನ್ನ ಬಾಯಿಂದ ಬಂದದ್ದನ್ನು ಕೇಳಿ ತಾನೇ ಬೆಚ್ಚುತ್ತಿದ್ದ.

ಹೀಗಿದ್ದವನು, ಈ ಕರಪತ್ರ ಮನೆಗೆ ಬರುವ ಕೆಲವು ದಿನ ಮೊದಲು ಒಂದು ಸಂಜೆ, ಅತ್ತಿಗೆ ದೇವರ ಮುಂದೆ ದೀಪ ಹಚ್ಚುವಾಗ, ಎಲ್ಲೂ ತಡವರಿಸದೆ ಒಂದು ಪದ್ಯ ಹೇಳಿಬಿಟ್ಟನಂತೆ. ಅತ್ತಿಗೆ ಫೋನಿನಲ್ಲಿ ಅಳುತ್ತಲೇ ನಗುತ್ತಿದ್ದರು. “ನಿಮ್ಮಣ್ಣ ಪದ್ಯ ಕಟ್ಟಿದ್ರು ಕಣೇ. ಜನ್ಮದಲ್ಲಿ ಒಂದು ಪದ್ಯ ಬರ್ದವರಲ್ಲ. ಬೇಗ ಬಾ.”

ನಾನು ಹೊಲಿಗೆ ಯಂತ್ರವನ್ನು ಹಾಗೇ ಬಿಟ್ಟು ಓಡಿದೆ. ಅಣ್ಣ ನನ್ನ ಮುಂದೆಯೂ ಹೇಳಿದ.

ತೂಗುವವನೇ, ನನ್ನನೊಮ್ಮೆ ಇಳಿಸು,
ತಕ್ಕಡಿಯ ಮುಳ್ಳು ನಡುಗಿ ಸಾಕಾಗಿದೆ;
ಅತ್ತ ನನ್ನ ಮಾತು, ಇತ್ತ ನಿನ್ನ ಮೌನ,
ಯಾವುದಿಳಿದರೂ ಸೋತವನು ನಾನೇ.

ಮೊದಲ ಪದಕ್ಕೇ ನನಗೆ ಗೊತ್ತಾಯಿತು. ಅದು ಅಪ್ಪನ ಪದ್ಯ. ಅಪ್ಪ ಉಗ್ರಾಣದಲ್ಲಿ ಮೂಟೆ ತೂಗುವ ಕೆಲಸದಲ್ಲಿದ್ದವರು. ಅಲ್ಲೇ ನಿಂತು ಮನಸ್ಸಿನಲ್ಲಿ ಕಟ್ಟಿ, ಸಂಜೆ ಬಂದು ಕಾಲು ತೊಳೆದು, ದೇವರ ಮುಂದೆ ಹೇಳುತ್ತಿದ್ದರು. ಯಾವುದನ್ನೂ ಬರೆದಿಟ್ಟವರಲ್ಲ, ಅತ್ತಿಗೆ ಈ ಮನೆಗೆ ಬರುವ ಮೊದಲೇ ತೀರಿಕೊಂಡಿದ್ದರು. ನಮ್ಮಿಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಸುತ್ತಿದ್ದರು. ನಾನು ಕಣ್ಣು ಮುಚ್ಚಿ ಹೇಳುತ್ತಿದ್ದೆ; ಅಣ್ಣ ಬೆರಳಲ್ಲಿ ನನ್ನ ಪಕ್ಕೆ ತಿವಿಯುತ್ತ ಹೇಳುತ್ತಿದ್ದ. ಬೆಳೆದ ಮೇಲೆ ಅವನು ಅದನ್ನು ತಕ್ಕಡಿ ಪುರಾಣ ಎಂದು ಗೇಲಿ ಮಾಡಿದ್ದೇ ಹೊರತು ಒಮ್ಮೆಯೂ ಬಾಯಲ್ಲಿ ಆಡಿದ್ದನ್ನು ನಾನು ಕೇಳಿಲ್ಲ.

ಅಣ್ಣನಿಗೆ ಮಾತಿನ ಅಭ್ಯಾಸ ಮಾಡಿಸುವಾಕೆ ಒಮ್ಮೆ ಹೇಳಿದ್ದಳು, ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದು ಕೆಲವರಲ್ಲಿ ಹಾಗೇ ಉಳಿದಿರುತ್ತದೆ, ಮಾತು ಹೋದರೂ ಅದು ಬರುತ್ತದೆ ಎಂದು. ಅತ್ತಿಗೆ ಅಂದು ಮನೆಯಲ್ಲಿರಲಿಲ್ಲ. ಈಗಲಾದರೂ ಅವರಿಗೆ ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತಿಗೆ ಪಕ್ಕದ ಮನೆಯವರನ್ನೂ ಮೇಲಿನ ಮನೆಯವರನ್ನೂ ಕರೆತಂದು ಅಣ್ಣನ ಸುತ್ತ ನಿಲ್ಲಿಸಿದ್ದರು. ಬಹಳ ದಿನಗಳ ಮೇಲೆ ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟಿದ್ದರು. ನಾನು ಒಳಗೆ ಹೋಗಿ ಬಂದವರಿಗೆ ಕಾಫಿಗೆ ಇಟ್ಟೆ.

ಸಂದರ್ಶನದ ದಿನ ಬಸ್ಸಿನಲ್ಲಿ ಮತ್ತೆ ಪ್ರಯತ್ನಿಸಿದೆ. “ಅತ್ತಿಗೆ, ಆ ಪದ್ಯದ ವಿಷಯ...”

“ಇವತ್ತೂ ಹೇಳ್ತಾರೆ ಬಿಡು, ಹೆದ್ರಬೇಡ,” ಎಂದು ಅಣ್ಣನ ಅಂಗಿಯ ಗುಂಡಿ ಹಾಕಿದರು. “ಕಾಯಿಲೆ ಒಂದು ಬಾಗ್ಲು ಮುಚ್ಚಿ ಇನ್ನೊಂದು ತೆಗೀತು. ಇವರ ತಲೇಲಿ ಇನ್ನೂ ಎಷ್ಟಿದೆಯೋ.” ಅಣ್ಣ ಹೊರಗೆ ನೋಡುತ್ತ, “ಇದಲ್ಲ,” ಎಂದ.

ತರಬೇತಿ ನಡೆಯುತ್ತಿದ್ದದ್ದು ಗ್ರಂಥಾಲಯದ ಮೇಲಿನ ಮಹಡಿಯಲ್ಲಿ. ಒಂದೇ ಕೋಣೆ, ಉದ್ದನೆಯ ಮೇಜು, ಸುತ್ತ ಪ್ಲಾಸ್ಟಿಕ್ ಕುರ್ಚಿ, ಅರ್ಧ ಅಳಿಸಿದ ಹಲಗೆ. ಎಲ್ಲರೂ ಮೇಡಂ ಎನ್ನುತ್ತಿದ್ದ ಒಬ್ಬಾಕೆಯೇ ಮೂರೂ ತರಗತಿಗಳಿಗೆ ಪಾಠ ಹೇಳುತ್ತಿದ್ದರು, ಯಾರು ಯಾವುದಕ್ಕೆ ಎಂದು ಆರಿಸುತ್ತಿದ್ದವರೂ ಅವರೇ. ಅತ್ತಿಗೆ ಹಳೆಯ ಧಾರಾವಾಹಿಗಳ ಕಟ್ಟನ್ನು ಅವರ ಮುಂದಿಟ್ಟರು. ಮೇಡಂ ಅವುಗಳನ್ನು ತಿರುವಿ ನೋಡಿ ನಕ್ಕರು.

“ನಮ್ಮಮ್ಮ ಇದನ್ನ ಓದ್ತಾ ಎಷ್ಟು ಸಲ ಹಾಲು ಉಕ್ಕಿಸಿದಾರೆ. ಈಗೇನಾದ್ರೂ ಬರೀತಿದಾರಾ?”

“ಈಗ ಪದ್ಯ,” ಎಂದರು ಅತ್ತಿಗೆ. “ಹೇಳ್ರೀ.”

ಅಣ್ಣ ಅತ್ತಿಗೆಯನ್ನು ನೋಡಿದ, ನನ್ನನ್ನು ನೋಡಿದ. ಬಾಯಿ ತೆರೆದ. ತುಟಿ ಬೇರೇನನ್ನೋ ಹಿಡಿಯಲು ಹೋಗುತ್ತಿದ್ದುದು ನನಗೆ ಕಾಣುತ್ತಿತ್ತು. ಆದರೆ ‘ತೂಗುವವನೇ’ ಎಂದು ಶುರುವಾದ ಮೇಲೆ ಅವನ ಕೈಯಲ್ಲಿ ಏನೂ ಇರಲಿಲ್ಲ. ಇಳಿಜಾರಿನಲ್ಲಿ ಬಿಟ್ಟ ಬಂಡಿಯಂತೆ ಪದ್ಯ ಕೊನೆಯ ಸಾಲಿನವರೆಗೂ ಹೋಗಿಯೇ ನಿಂತಿತು.

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಇದನ್ನ ನೀವು ಕಟ್ಟಿದ್ದಾ?”

“ಹೌದು,” ಎಂದಿತು ಅಣ್ಣನ ಬಾಯಿ. ಅವನ ತಲೆ ಬಲವಾಗಿ ಇಲ್ಲ ಎಂದು ಅಲ್ಲಾಡಿತು. “ಇದಲ್ಲ. ಇದಲ್ಲ. ಇದಲ್ಲ.”

“ಅವರು ಹಾಗೇ ಮೇಡಂ,” ಎಂದರು ಅತ್ತಿಗೆ. “ತಮ್ಮ ಬರಹ ಅಂದ್ರೆ ಮೊದಲಿಂದ್ಲೂ ಸಂಕೋಚ.”

“ಎಂಥ ವಿನಯ ನೋಡಿ,” ಎಂದರು ಮೇಡಂ, ಮೆಲ್ಲಗೆ.

ಅಣ್ಣ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದ. ಹಿಡಿದದ್ದಲ್ಲ, ಹಿಂಡಿದ. ಈವರೆಗೆ ನಾನು ಅಂದುಕೊಂಡಿದ್ದೆ, ಪಾಪ, ಅವನಿಗೆ ಗೊತ್ತಿಲ್ಲ, ತನ್ನದೇ ಎಂದು ತಿಳಿದಿದ್ದಾನೆ ಎಂದು. ಅವನಿಗೆ ಗೊತ್ತಿತ್ತು. ದೀಪದ ಮುಂದೆ, ಪಕ್ಕದ ಮನೆಯವರ ಮುಂದೆ, ಬಸ್ಸಿನಲ್ಲಿ, ಅಷ್ಟೂ ಸಲ ಅವನು ಹೇಳಲು ಹೆಣಗಿದ್ದು ಇದೇ. ಇದು ನನ್ನದಲ್ಲ, ಇವಳನ್ನು ಕೇಳಿ.

“ಅದು ನಮ್ಮಪ್ಪನ ಪದ್ಯ,” ಎಂದೆ.

ಅಣ್ಣನ ಹಿಡಿತ ಸಡಿಲವಾಯಿತು. ಅವನ ಮುಖದ ಚಲಿಸುವ ಅರ್ಧ ಭಾಗ ಒದ್ದೆಯಾಗಿತ್ತು, ಚಲಿಸದ ಅರ್ಧವೂ.

“ಯಾವಾಗ ಗೊತ್ತಾಯ್ತು ನಿಂಗೆ?” ಎಂದರು ಅತ್ತಿಗೆ, ನನ್ನತ್ತ ತಿರುಗದೆ.

“ಮೊದಲನೇ ದಿನವೇ.”

“ಹಾಗಾದ್ರೆ ನಾನು ಇಡೀ ಬಿಲ್ಡಿಂಗಿಗೆ ಡಂಗುರ ಹೊಡೀವಾಗ ನೀನು ಕೇಳ್ತಾ ನಿಂತಿದ್ದೆ.” ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು. “ಕಿವಿಯಲ್ವಾ. ಕೇಳೋದೇ ಅದರ ಕೆಲಸ.”

ಮೇಡಂ ಕನ್ನಡಕ ಹಾಕಿಕೊಂಡರು.

“ಹಳೇ ಬರಹದ ಮೇಲೆ ಮೂರನೇದಕ್ಕೆ ಸೇರಿಸ್ಕೋಬಹುದಮ್ಮ, ನಿಯಮದ ಪ್ರಕಾರ ತಪ್ಪಿಲ್ಲ. ಆದ್ರೆ ಅಲ್ಲಿ ಎಲ್ರೂ ಹೊಸದಾಗಿ ಬರ್ಕೊಂಡು ಬರ್ತಾರೆ, ಒಬ್ಬರದನ್ನ ಇನ್ನೊಬ್ಬರು ಬಿಡಿಸಿ ನೋಡ್ತಾರೆ, ಸ್ವಲ್ಪ ಒರಟಾಗೇ ಮಾತಾಡ್ತಾರೆ. ಮೊದಲನೇದರಲ್ಲಿ ಒಂದು ಸಾಲು ಬಂದ್ರೆ ಸಾಕು. ಯಾವುದು ಅಂತ ನೀವೇ ಹೇಳಿ.”

“ಒಂದು ಸಾಲು,” ಎಂದರು ಅತ್ತಿಗೆ. ಕರಪತ್ರವನ್ನು ಅಣ್ಣನ ಮುಂದೆ ಸರಿಸಿದರು. “ನಂಗೆ ತಿಳಿಯಲ್ಲ. ನೀವೇ ತೋರಿಸ್ರೀ.”

ಅಣ್ಣನ ಎಡಗೈ ತೋರುಬೆರಳು ಮೊದಲನೆಯ ತರಗತಿಯ ಮೇಲೆ ಇಳಿಯಿತು.

“ಅದು ಏನೂ ಬರೀದೇ ಇರೋರಿಗೆ,” ಎಂದರು ಅತ್ತಿಗೆ.

ಬೆರಳು ಅಲ್ಲಾಡಲಿಲ್ಲ. ಅವನಿಗೆ ಬೇಕಾಗಿದ್ದದ್ದು ತನ್ನದೆನ್ನುವ ಒಂದು ಸಾಲು, ಅಷ್ಟೇ. ಅತ್ತಿಗೆಗೂ ಅದು ತಿಳಿಯಿತೆಂದು ಕಾಣುತ್ತದೆ, ಧಾರಾವಾಹಿಗಳ ಕಟ್ಟನ್ನು ಎತ್ತಿ ಚೀಲಕ್ಕೆ ಹಾಕಿಕೊಂಡರು.

ತರಗತಿ ಶುರುವಾದ ದಿನ ಅಣ್ಣನ ಒಂದು ಪಕ್ಕದಲ್ಲಿ ನಾನು, ಇನ್ನೊಂದು ಪಕ್ಕದಲ್ಲಿ ಅತ್ತಿಗೆ. ಎದುರಿಗೆ ನಿವೃತ್ತ ಬಸ್ ಕಂಡಕ್ಟರು, ಒಬ್ಬರು ಹಲ್ಲಿನ ಡಾಕ್ಟರು, ಇನ್ನೂ ಕೆಲವರು. ಈ ಬೆಳಿಗ್ಗೆ ಎದ್ದ ಮೇಲೆ ಕಣ್ಣಿಗೆ ಬಿದ್ದ ಒಂದು ಸಂಗತಿಯನ್ನು ಒಂದೇ ಸಾಲಿನಲ್ಲಿ ಬರೆಯಿರಿ ಎಂದರು ಮೇಡಂ.

“ನಂಗೆ ಮೊದಲು ಕಂಡಿದ್ದು ಹೆಂಡ್ತಿ,” ಎಂದರು ಕಂಡಕ್ಟರು. “ಇದ್ದದ್ದು ಇದ್ದ ಹಾಗೆ ಬರೆದ್ರೆ ಸಂಜೆ ಮನೆಗೆ ಸೇರಿಸಲ್ಲ.”

ಎಲ್ಲರೂ ನಕ್ಕರು. ಅಣ್ಣನೂ ನಕ್ಕ. ಅತ್ತಿಗೆ ಅವನ ಎಡಗೈಗೆ ಪೆನ್ನು ಕೊಟ್ಟರು.

ಅವನು ಬೆಳಿಗ್ಗೆ ಏನು ನೋಡಿದ್ದನೆಂದು ನನಗೆ ಗೊತ್ತಿತ್ತು. ಕರೆದುಕೊಂಡು ಹೋಗಲು ನಾನು ಬಂದಾಗ ಕಿಟಕಿಯ ಗಾಜು ಬಡಿದು ತೋರಿಸಿದ್ದ. ಎದುರು ಮನೆಯವನು ತನ್ನದೇ ಬಾಗಿಲ ಮುಂದೆ ನಿಂತು, ಗೊಂಚಲಿನ ಒಂದೊಂದೇ ಕೀಲಿಕೈ ಹಾಕಿ ನೋಡುತ್ತಿದ್ದ, ಯಾವುದೂ ಸೇರುತ್ತಿರಲಿಲ್ಲ. ಅಣ್ಣನ ಕಣ್ಣು ಹಳೆಯ ದಿನಗಳಂತೆ ಹೊಳೆದಿತ್ತು. ಮೊದಲಾಗಿದ್ದರೆ ಸಂಜೆಯೊಳಗೆ ಆ ಮನುಷ್ಯ ಕಳ್ಳನೋ ಹೆಣವೋ ಆಗಿರುತ್ತಿದ್ದ.

ಅಕ್ಷರಗಳು ಸೊಟ್ಟಸೊಟ್ಟಗೆ ಬಂದವು. ‘ತೂಗು’.

ಅಣ್ಣ ಅದನ್ನು ಹೊಡೆದು ಹಾಕಿದ. ಉಸಿರೆಳೆದುಕೊಂಡು ಮತ್ತೆ ಬರೆದ. ‘ತೂಗುವ’. ಹೊಡೆದು ಹಾಕಿದ. ಮೂಗಿನ ತುದಿಯಲ್ಲಿ ಬೆವರು ಸೇರಿತು.

“ಬೀಗ,” ಎಂದು ನಾನು ಅವನ ಕಿವಿಯ ಬಳಿ ಪಿಸುಗುಟ್ಟಿದೆ. “ಎದುರು ಮನೆಯವನು, ಬೀಗ, ಕೀಲಿಕೈ.”

ಹೌದು ಹೌದು ಎಂದು ತಲೆಯಾಡಿಸಿದ. ಪೆನ್ನನ್ನು ಒತ್ತಿ ಹಿಡಿದ. ‘ತೂ’ ಎಂದೇ ಬಂತು.

“ನಿಧಾನ, ಸರ್,” ಎಂದರು ಮೇಡಂ. “ಅವಸರವೇನಿಲ್ಲ.”

ನಾನು ಕಣ್ಣು ಮುಚ್ಚಿದೆ. ಅಪ್ಪಾ, ಸಾಕು, ಅವನ ಕೈಯನ್ನು ಬಿಡು ಎಂದು ಬೇಡಿಕೊಂಡೆ. ನನ್ನನ್ನು ಜೀವನದುದ್ದಕ್ಕೂ ಹಿಡಿದು ನಿಲ್ಲಿಸಿದ ಸಾಲುಗಳು ಅವು. ಅವು ತೊಲಗಲಿ ಎಂದು ಅಪ್ಪನನ್ನೇ ಕೇಳುವ ದಿನ ಬಂದೀತೆಂದು ನಾನು ಎಣಿಸಿರಲಿಲ್ಲ. ಕಣ್ಣು ತೆರೆದಾಗ ಹಾಳೆಯ ಅರ್ಧ ಕಪ್ಪಾಗಿತ್ತು.

ಗಂಟೆ ಮುಗಿಯಿತು. ಉಳಿದವರು ತಮ್ಮ ತಮ್ಮ ಸಾಲು ಓದಿ ಎದ್ದರು. ಕಂಡಕ್ಟರು ಹೋಗುವಾಗ ಅಣ್ಣನ ಭುಜ ತಟ್ಟಿ, ಮತ್ತೊಮ್ಮೆ ತಟ್ಟಿ ಹೋದರು.

“ಏಳ್ರೀ, ಮುಂದಿನ ವಾರ ಬರೋಣ,” ಎಂದರು ಅತ್ತಿಗೆ. ಅಣ್ಣ ಏಳಲಿಲ್ಲ. ಪೆನ್ನು ಬಿಡಿಸಿಕೊಳ್ಳಲು ಹೋದರೆ ಬಿಡಲೂ ಇಲ್ಲ.

ಆ ಹೊತ್ತಿಗೆ ಮೂರನೆಯ ತರಗತಿಯವರು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ಸೇರಿದ್ದರು. ಕಂಕುಳಲ್ಲಿ ಹಾಳೆಯ ಕಟ್ಟು, ಕೈಯಲ್ಲಿ ಚಹಾದ ಲೋಟ. ಮೇಡಂ ಅತ್ತಿಗೆಯ ಮುಖ ನೋಡಿದರು, ಗಡಿಯಾರ ನೋಡಿದರು, ಆಮೇಲೆ ಅವರನ್ನು ಒಳಗೆ ಕರೆದರು. ಅವರು ಅಣ್ಣನ ಸುತ್ತಲಿನ ಖಾಲಿ ಕುರ್ಚಿಗಳಲ್ಲಿ ಶಬ್ದ ಮಾಡದೆ ಕೂತರು. ತನ್ನ ಹಾಳೆ ಹರಡಲು ಜಾಗ ಸಾಲದೆ ಒಬ್ಬಾಕೆ ಅಣ್ಣನ ಬಲಗೈಯನ್ನು ಎರಡು ಬೆರಳಲ್ಲಿ ಎತ್ತಿ, ಸ್ವಲ್ಪ ಆಚೆ ಇಟ್ಟಳು. ಅವನಿಗೆ ಅದು ತಿಳಿಯಲಿಲ್ಲ. ಹೊಡೆದು ಹಾಕುತ್ತಲೇ ಇದ್ದ.

ಮೇಡಂ ತಗ್ಗಿದ ದನಿಯಲ್ಲಿ ಯಾರದೋ ಕವಿತೆಯ ಬಗ್ಗೆ ಮಾತು ಶುರುಮಾಡಿದರು. ಅತ್ತಿಗೆ ಗೋಡೆಗೆ ಒರಗಿ ನಿಂತರು. ನಾನು ಅಣ್ಣನ ಊರುಗೋಲನ್ನು ಹಿಡಿದುಕೊಂಡು ಬಾಗಿಲಲ್ಲಿ ನಿಂತೆ, ಒಳಗೆ ಹೋಗಿ ಅವನನ್ನು ಎಬ್ಬಿಸಬೇಕೋ ಹೊರಗೆ ಕಾಯಬೇಕೋ ತಿಳಿಯದೆ.