ಸಣ್ಣಕ್ಕನ ಬೂಟು

ಮಲ್ಲಿಪಟ್ಟಣದ ಸಣ್ಣಕ್ಕ ಹಡಗು ಹತ್ತಿ ಸ್ಕಾಟ್ಲೆಂಡಿಗೆ ಹೋಗಿಬಂದಳು ಎಂದರೆ ನಂಬದವರು ಇವತ್ತಿಗೂ ಇದ್ದಾರೆ. ನಂಬದಿದ್ದರೆ ಬಿಡಲಿ, ಸಣ್ಣಕ್ಕನ ಗಂಟೇನೂ ಹೋಗುವುದಿಲ್ಲ. ಸಕಲೇಶಪುರದ ಆಚೆ ಕಾಫಿ ತೋಟ ಇಟ್ಟುಕೊಂಡಿದ್ದ ದೊರೆಯೊಬ್ಬ ೧೯೫೫ರಲ್ಲಿ ತೋಟ ಮಾರಿ ತನ್ನೂರಿಗೆ ಹೊರಟ. ಅವನ ಆರು ವರ್ಷದ ಮಗಳು ಎಲ್ಸಿ ಸಣ್ಣಕ್ಕನ ಸೆರಗು ಹಿಡಿದವಳು ಬಿಡಲೇ ಇಲ್ಲ. ಹುಟ್ಟಿದಾಗಿನಿಂದ ಆ ಮಗುವನ್ನು ಆಯಾ ಆಗಿ ಎತ್ತಿ ಆಡಿಸಿದವಳು ಇವಳೇ. ಮಗುವಿಗೆ ಇಂಗ್ಲಿಷಿಗಿಂತ ಮಲ್ಲಿಪಟ್ಟಣದ ಕೇರಿಯ ಕನ್ನಡವೇ ಸಲೀಸು. ಕೊನೆಗೆ ದೊರೆಸಾನಿಯೇ ಸೋತು, ಮಗು ಹೊಂದಿಕೊಳ್ಳುವವರೆಗೆ ಎಂಟು ತಿಂಗಳು ಜೊತೆಗೆ ಬಂದಿರು ಎಂದಳು. ಇವಳ ಗಂಡ ಸತ್ತು ಏಳು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಸಣ್ಣಕ್ಕ ಹೊರಟೇಬಿಟ್ಟಳು.

ದೊರೆಯ ಊರು ದೊಡ್ಡದೇನಲ್ಲ, ಅರಕಲಗೂಡಿನಷ್ಟೇ. ಅದರ ಹೆಸರು ಅವಳ ನಾಲಗೆಗೆ ಕೊನೆಗೂ ಹತ್ತಲಿಲ್ಲ, ಸಂತೆಯೂರು ಅಂತಲೇ ಕರೆದಳು. ನಾನೂರು ವರ್ಷದಿಂದ ಬುಧವಾರ ಬುಧವಾರ ಅಲ್ಲಿ ಸಂತೆ ಸೇರುತ್ತದಂತೆ. ಊರ ನಡುವೆ ಕಲ್ಲು ಹಾಸಿದ ಚೌಕ, ಚೌಕದ ನಡುವೆ ಒಂದು ಕಟ್ಟೆ, ಕಟ್ಟೆಯ ಮೇಲೆ ಕಲ್ಲಿನ ಕಂಬ, ಕಂಬದ ನೆತ್ತಿಯಲ್ಲಿ ಒಂಟಿ ಕೊಂಬಿನ ಕುದುರೆ. ಗರುಡಗಂಬವೇ ಇರಬೇಕೆಂದು ಸಣ್ಣಕ್ಕ ದೂರದಿಂದಲೇ ಕೈಮುಗಿದಳು.

"ಅದು ದೇವ್ರಲ್ಲ ಕಣಕ್ಕ, ಸಂತೆ ಕಂಬ" ಎಂದು ಎಲ್ಸಿ ಬಿದ್ದು ಬಿದ್ದು ನಕ್ಕಳು.

ಹಾಗಂತ ಆ ಊರೇನು ಸ್ವರ್ಗವಲ್ಲ ಮತ್ತೆ. ದೊರೆಯ ತಾಯಿ, ಆ ಒಣಕಲು ಮುದುಕಿ, ಮೊದಲ ದಿನವೇ ಸಣ್ಣಕ್ಕನಿಗೆ ಹಿತ್ತಲ ಬಾಗಿಲು ತೋರಿಸಿದ್ದಳು. ಟೀ ಅಂಗಡಿಯಲ್ಲಿ ಮಗುವಿನ ಮುಂದೆ ಲೋಟ ಬಂತು, ಇವಳ ಮುಂದೆ ಬರಲಿಲ್ಲ. ಹಲ್ಕಾ ಬುದ್ಧಿಗೆ ದೇಶ ಯಾವುದಾದರೇನು! ಸಣ್ಣಕ್ಕ ಇದನ್ನೆಲ್ಲ ನೋಡಿದಳು, ಮನಸ್ಸಿನಲ್ಲೇ ಇಟ್ಟುಕೊಂಡಳು.

ಈಗ ಬೂಟಿನ ಮಾತು. ಅಲ್ಲಿಯ ಚಳಿಗೆ ಬರಿಗಾಲು ತಡೆಯುವುದಿಲ್ಲವೆಂದು ದೊರೆಸಾನಿ ತನ್ನ ಹಳೇ ಕರಿ ಬೂಟು ಕೊಟ್ಟಿದ್ದಳು. ಹಿಮ ಬಿದ್ದ ಒಂದು ಬುಧವಾರ ಸಣ್ಣಕ್ಕ ಅದನ್ನು ಮೆಟ್ಟಿಕೊಂಡು ಎಲ್ಸಿಯ ಕೈಹಿಡಿದು ಸಂತೆಗೆ ಹೊರಟಳು. ಚೌಕಕ್ಕೆ ತಿರುಗುವ ಬೀದಿಯ ಎರಡೂ ಕಡೆ ಎತ್ತರದ ಕಲ್ಲುಮನೆಗಳು, ಬಾಗಿಲಿಗೆ ಹಿತ್ತಾಳೆಯ ಬಳೆಗಳು, ಮೆಟ್ಟಿಲ ಮೇಲೆ ಕೋಲು ಹಿಡಿದು ನಿಂತ ದೊಡ್ಡ ಮೀಸೆಯವರು. ಅವರನ್ನು ಕಂಡಿದ್ದೇ ತಡ, ಸಣ್ಣಕ್ಕ ಬಗ್ಗಿದಳು, ಬೂಟು ಬಿಚ್ಚಿದಳು, ಕಂಕುಳಲ್ಲಿ ಇರುಕಿಕೊಂಡಳು. ಯೋಚನೆ ಮಾಡಿ ಮಾಡಿದ್ದಲ್ಲ. ಮಲ್ಲಿಪಟ್ಟಣದಲ್ಲಿ ಕೇರಿಯವರು ಗೌಡರ ಬೀದಿಗೆ ಕಾಲಿಟ್ಟರೆ ಎಕ್ಕಡ ಕಾಲಲ್ಲಿ ಇರಕೂಡದು. ಬೀದಿಯ ಈ ತುದಿಯಲ್ಲಿ ಬಿಚ್ಚಿ ಆ ತುದಿಯಲ್ಲಿ ಮೆಟ್ಟಿಕೊಳ್ಳಬೇಕು. ಅವ್ವ ಹಾಗೆ ಮಾಡುತ್ತಿದ್ದಳು, ಇವಳೂ ಹಾಗೇ ಮಾಡಿಕೊಂಡು ಬೆಳೆದವಳು.

ಹಿಮದ ಕಲ್ಲಿನ ಮೇಲೆ ಬೂಟು ಹೊತ್ತು ಬರಿಗಾಲಲ್ಲಿ ನಡೆಯುವ ಸೀರೆಯ ಹೆಂಗಸನ್ನು ನೋಡಿ ಸಂತೆಗೆ ಸಂತೆಯೇ ನಿಂತಿತು. ಮೊಟ್ಟೆ ಮಾರುವವಳು ಎದ್ದು ನಿಂತು ನೋಡಿದಳು. ಕಮಾನಿನ ಕೆಳಗೆ ಒಬ್ಬ ಮುದುಕ ಜೋಡು ಹೊಲಿಯುತ್ತ ಕೂತಿದ್ದ. ಅವನು ಏನೋ ಕೂಗಿ ಕರೆದ.

"ಸಣ್ಣಕ್ಕ, ಬೂಟು ಕಚ್ತಾ ಅಂತ ಕೇಳ್ತಾವ್ನೆ" ಎಂದಳು ಎಲ್ಸಿ.

ಸಣ್ಣಕ್ಕ ಬೇಡ ಬೇಡವೆನ್ನುತ್ತಿದ್ದರೂ ಮುದುಕ ಕೈಹಿಡಿದು ತನ್ನ ಕುರ್ಚಿಯಲ್ಲೇ ಕೂರಿಸಿದ. ಬೂಟಿನೊಳಗೆ ಬೆರಳಾಡಿಸಿ ನೋಡಿದರೆ ಹಿಮ್ಮಡಿಯ ಹತ್ತಿರ ಒಂದು ಮೊಳೆ ಎದ್ದಿತ್ತು. ಅವಳ ಹಿಮ್ಮಡಿಯಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಕೊಟ್ಟವರ ಮುಂದೆ ಚುಚ್ಚುತ್ತದೆ ಎನ್ನಲು ಬಾಯಿ ಬಾರದೆ ಮೂರು ವಾರ ಹಾಗೇ ನಡೆದಿದ್ದಳು, ಪುಣ್ಯಾತ್ಗಿತ್ತಿ. ಮುದುಕ ಮೊಳೆಯನ್ನು ಬಡಿದು ಕೂರಿಸಿದ. ಆಮೇಲೆ ಮಂಡಿಯೂರಿ ಅವಳ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಬಟ್ಟೆಯಿಂದ ಒರೆಸತೊಡಗಿದ. ಸಣ್ಣಕ್ಕ ಕಾಲು ಎಳೆದುಕೊಳ್ಳಹೋದಳು.

"ಅಯ್ಯಯ್ಯೋ ಬುಡಿ ಸಾಮಿ, ಪಾಪ ಬತ್ತದೆ! ಮಗಾ, ಬುಡಾಕೇಳು. ಬೂಟು ಕಚ್ಚಿದ್ದುಕ್ಕಲ್ಲ ನಾ ಬಿಚ್ಚಿದ್ದು. ದೊಡ್ಡೋರ ಬೀದೀಲಿ ನಾವು ಮೆಟ್ಟಂಗಿಲ್ಲ ಅಂತ ಏಳು."

ಎಲ್ಸಿ ಹೇಳಿದಳು. ಮುದುಕ ಲೇಸು ಎಳೆಯುತ್ತಿದ್ದ ಕೈ ನಿಲ್ಲಿಸಿ ತಲೆಯೆತ್ತಿ ಒಂದೇ ಮಾತು ಕೇಳಿದ. ಮಗು ಅದನ್ನು ಕನ್ನಡಕ್ಕೆ ತಂದಳು. "ಯಾರೇಳಿದ್ದು ಅಂತೆ?"

ಸಣ್ಣಕ್ಕ ಉತ್ತರ ಕೊಡಲು ಬಾಯಿ ತೆರೆದಳು. ಹೆಸರೇ ಬರಲಿಲ್ಲ. ಅವ್ವ ಹೇಳಿದ್ದಲ್ಲ, ಅಪ್ಪ ಹೇಳಿದ್ದಲ್ಲ, ಗೌಡರ ಬಾಯಿಂದಲೂ ಕೇಳಿದ್ದಿಲ್ಲ. ಯಾರೂ ಹೇಳದ ಮಾತಿಗೆ ಮೂವತ್ತನಾಲ್ಕು ವರ್ಷ ಬಗ್ಗಿ ಬಗ್ಗಿ ಬಿಚ್ಚಿದೆನಲ್ಲ ಎನ್ನಿಸಿತು. ಮುದುಕನ ಮೇಲೆ ಪ್ರೀತಿ ಬಂತೋ ಇಲ್ಲವೋ, ಸಿಟ್ಟಂತೂ ಬಂತು, ತನ್ನ ಮೇಲೆ, ತನ್ನೂರಿನ ಮೇಲೆ. ಅವನು ಲೇಸನ್ನು ಬಿಗಿಯಾಗಿ ಎರಡು ಗಂಟು ಹಾಕಿ ಕಟ್ಟಿದ. ಸಣ್ಣಕ್ಕ ಎದ್ದಳು. ಚೌಕವನ್ನು ಮೂರು ಸುತ್ತು ಸುಮ್ಮಸುಮ್ಮನೆ ಸುತ್ತಿದಳು, ಕಲ್ಲಿನ ಮೇಲೆ ಟಕ್ ಟಕ್ ಎನ್ನಿಸಿಕೊಂಡು. ಈ ಬೂಟು ಮೆಟ್ಟಿಕೊಂಡೇ ಗೌಡರ ಬೀದಿಯಲ್ಲಿ ನಡೆಯದಿದ್ದರೆ ನನ್ನ ಹೆಸರು ಸಣ್ಣಕ್ಕನೇ ಅಲ್ಲ ಎಂದುಕೊಂಡಳು.

ಮರುವರ್ಷ ಏಪ್ರಿಲ್‌ನಲ್ಲಿ ಅವಳು ಮಲ್ಲಿಪಟ್ಟಣದಲ್ಲಿ ಬಸ್ಸಿಳಿದಾಗ ಸುಡುವ ಮಧ್ಯಾಹ್ನ. ಕಾದು ನಿಂತಿದ್ದ ತಾಯಿ ಮಾರಮ್ಮ ಮಗಳ ಕೆನ್ನೆ ಸವರಿ, ಲಟಿಕೆ ಮುರಿದು, ಅತ್ತಳು. ಆಮೇಲೆ ಕಾಲು ನೋಡಿದಳು. ಗೌಡರ ಬೀದಿ ಇನ್ನು ಇಪ್ಪತ್ತು ಹೆಜ್ಜೆ ಇತ್ತು.

"ಬಿಚ್ಚವ್ವಾ."

"ಬಿಚ್ಚಾಕಿಲ್ಲ."

"ನನ್ ತಾಯೀ, ನಿಮ್ಮಪ್ಪ ಅವ್ರ ಗದ್ದೇಲಿ ಗೇದು ತಿಂತಾವ್ನೆ ಕಣೇ. ಒಂದು ಬೀದಿ ಅಲ್ವಾ, ಎಷ್ಟೊತ್ತಿನ ಮಾತು!"

"ಒಂದು ಬೀದಿ ಅಂತ್ಲೇ ನಿನ್ನ ಕೂದ್ಲು ಬೆಳ್ಳಗಾಯ್ತಲ್ಲವ್ವಾ" ಎಂದು ಸಣ್ಣಕ್ಕ ಟ್ರಂಕನ್ನು ತಲೆಗೇರಿಸಿ ಹೊರಟಳು. ಮಾರಮ್ಮ ತನ್ನ ಎಕ್ಕಡ ಬಿಚ್ಚಿ ಕಂಕುಳಲ್ಲಿ ಇರುಕಿಕೊಂಡು, ಮಾರಿಗುಡಿಯ ದೇವಿಯರನ್ನೆಲ್ಲ ಕರೆಯುತ್ತ ಹಿಂದೆ ಬಂದಳು.

ಬೂಟಿನ ಸದ್ದಿಗೆ ಒಂದೊಂದೇ ಬಾಗಿಲು ತೆರೆಯಿತು. ಜಗಲಿಯಲ್ಲಿ ಎಲೆಯಡಿಕೆ ಜಗಿಯುತ್ತಿದ್ದ ತಿಮ್ಮಪ್ಪಗೌಡರು ಉಗುಳುವುದನ್ನೇ ಮರೆತರು. ಊರಿನ ಅರ್ಧ ಗದ್ದೆ ಅವರದು. ಮಾರಮ್ಮನ ಗಂಡ ಮಂಚಯ್ಯ ಗೇಯುತ್ತಿದ್ದುದೂ ಅದರಲ್ಲೇ.

"ಏನಮ್ಮೀ, ಸೀಮೆಗೋಗಿ ಬಂದ್ಬುಟ್ರೆ ಕಣ್ಣು ಕಾಣಾಕಿಲ್ವಾ? ಬಿಚ್ಚು ಅದ್ನ!"

ಸಣ್ಣಕ್ಕ ನಿಂತಳು. ಹೆದರಿಕೆ ಇತ್ತು, ಸುಳ್ಳು ಯಾಕೆ. ಆದರೂ ಕೇಳಿದಳು.

"ಬಿಚ್ಬೇಕು ಅಂತ ಯಾರೇಳಿದ್ದು?"

"ಯಾರೇಳಿದ್ದು ಅಂದ್ರೆ? ಇಂದ್ಲ ಕಾಲ್ದಿಂದ್ಲೂ ಅಂಗೇ ಬಂದದೆ."

"ಅದ್ಸರಿ. ಏಳಿದ್ದು ಯಾರು?"

"ನಾನೇಳ್ತಾ ಇವ್ನಿ ಕಣೇ! ಬಿಚ್ಚು!"

"ಅಬ್ಬ, ಕೊನೆಗೂ ಒಬ್ರು ಸಿಕ್ಕುದ್ರಿ" ಎಂದಳು ಸಣ್ಣಕ್ಕ. ಟ್ರಂಕ್ ಕೆಳಗಿಳಿಸಿದಳು. ಗೌಡರ ಜಗಲಿಯ ಕೆಳಮೆಟ್ಟಿಲ ಮೇಲೆ ಬೂಟಿನ ಬಲಗಾಲನ್ನು ಎತ್ತಿ ಇಟ್ಟಳು. "ಈ ಗಂಟ ಕಟ್ಟಿದೋರು ನಿಮ್ಗಿಂತ ವಯಸ್ಸಾದೋರು ಗೌಡ್ರೇ. ಸಂತೆ ಮಧ್ಯೆ ಮಂಡಿಯೂರಿ ಕಟ್ಟಿದ್ರು. ಬಿಚ್ಚೋರೂ ಅಂಗೇ ಮಂಡಿಯೂರಿ ಬಿಚ್ಲಿ. ಬನ್ನಿ."

ಹುಟ್ಟಿದಾಗಿನಿಂದ ಅವರನ್ನು ಕೇರಿಯವರೆಲ್ಲರಂತೆ ಕೈಕಟ್ಟಿ 'ಬುದ್ಧಿ' ಎಂದಲ್ಲದೆ 'ಗೌಡ್ರೇ' ಎಂದು ಕರೆದವಳಲ್ಲ. ಎದುರು ಜಗಲಿಯಲ್ಲಿ ಕೆಂಪಣ್ಣ, ಅವರ ದಾಯಾದಿಯೇ, ಕಿಸಕ್ಕನೆ ನಕ್ಕುಬಿಟ್ಟ. ತಿಮ್ಮಪ್ಪಗೌಡರು ಎದ್ದರು, ಒಂದು ಮೆಟ್ಟಿಲು ಇಳಿದರು, ನಿಂತರು. ಎಳೆದು ಬಿಚ್ಚಲು ಕೇರಿಯವಳನ್ನು ಮುಟ್ಟಬೇಕು, ಗಂಟು ಬಿಡಿಸಲು ಬಗ್ಗಬೇಕು. ಇಡೀ ಬೀದಿ ನೋಡುತ್ತಿತ್ತು. ಬಾಯಲ್ಲಿದ್ದ ಎಲೆಯಡಿಕೆ ರಸ ಪಂಚೆಯ ಮೇಲೆ ಸೋರಿತು.

ಸಣ್ಣಕ್ಕ ಸಾಕಷ್ಟು ಹೊತ್ತು ಕಾದಳು. ಆಮೇಲೆ ಕಾಲಿಳಿಸಿ, ಟ್ರಂಕ್ ಹೊತ್ತು ಮುಂದೆ ನಡೆದಳು. ಮಾರನೇ ದಿನವೇ ಮಂಚಯ್ಯನಿಗೆ ಗೌಡರ ಗದ್ದೆ ತಪ್ಪಿತು. ಗೊರೂರಿನವರೆಗೂ ಕೂಲಿ ಹುಡುಕಿಕೊಂಡು ಹೋಗಬೇಕಾಯಿತು, ಒಂದು ವರ್ಷ ಮನೆಯಲ್ಲಿ ಒಪ್ಪೊತ್ತಿನ ಊಟ. ಹೀಗಾಗುತ್ತದೆಂದು ಸಣ್ಣಕ್ಕನಿಗೆ ಆಗಲೇ ಗೊತ್ತಿತ್ತು. ಮಾರಮ್ಮನಿಗಂತೂ ಇನ್ನೂ ಚೆನ್ನಾಗಿ ಗೊತ್ತಿತ್ತು.

ಅವತ್ತು ಬೀದಿಯ ಅರ್ಧಕ್ಕೆ ಬಂದಾಗ ಹಿಂದಿನ ಹೆಜ್ಜೆ ನಿಂತುಹೋಯಿತು. ಅವ್ವ ಕುಸಿದಳೋ ಏನೋ ಎಂದು ಸಣ್ಣಕ್ಕ ಹೆದರಿ ತಿರುಗಿದಳು. ಮಾರಮ್ಮ ಬೀದಿಯ ನಟ್ಟನಡುವೆ ನಿಂತು, ಕಂಕುಳಲ್ಲಿದ್ದ ಎಕ್ಕಡವನ್ನು ನೆಲಕ್ಕೆ ಹಾಕಿ, ಒಂದೊಂದೇ ಕಾಲು ತೂರಿಸುತ್ತಿದ್ದಳು.

"ಅವ್ವಾ?"

"ಕಾಲು ಸುಡ್ತದೆ ಕಣ್ಮಗಾ" ಎಂದಳು ಮಾರಮ್ಮ. "ಚಿಕ್ಕೋಳಿದ್ದಾಗಿಂದ ಸುಡ್ತದೆ."