ಎರಡೇ ಮಾತ್ರ

೧
ಎಲ್ಲಿಂದ ಶುರು ಮಾಡಲಿ? ಪಾಲಿಮರ್ ಎಂದೊಡನೆ ನೀವು ಪುಟ ಮಗುಚುತ್ತೀರಿ. (ಪೇಟೆಂಟ್ ಎಂದರೆ ಪುಸ್ತಕವನ್ನೇ ಮುಚ್ಚುತ್ತೀರಿ.) ಅದಕ್ಕೇ ಮೊದಲ ಡ್ರಾಫ್ಟಿನಲ್ಲಿ ಪ್ರೇಮ ತುರುಕಿದ್ದೆ. ಹರಿದು ಹಾಕಿದೆ. ಈಗ ಉಳಿದಿರುವುದು ಮೇಲ್ಮನವಿ ಕೋರ್ಟಿಗೆ ಬಂದಿರುವ ಒಬ್ಬ ವಿಜ್ಞಾನಿ, ಮತ್ತು ಅವಳ ಪೇಟೆಂಟ್ ಅರ್ಜಿ ಬರೆದುಕೊಟ್ಟ ಭಾವ, ಅವಳಕ್ಕನ ಗಂಡ.

೨
ಹನ್ನೊಂದು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ದುಡಿದು ಅವಳು ಕಂಡುಹಿಡಿದದ್ದು, ಗಾಯ ಹೊಲಿದ ಮೇಲೆ ಮೈಯೊಳಗೇ ಕರಗುವ ದಾರ. ಎರಡು ಪದಾರ್ಥಗಳ ಪಾಲಿಮರ್. ಕಂಪನಿಯೊಂದು ಅದಕ್ಕೆ ಮೂರನೆಯದನ್ನು ಚಿಟಿಕೆಯಷ್ಟು ಬೆರೆಸಿ ಮಾರತೊಡಗಿತು. ಇವಳು ಕೇಸು ಹಾಕಿದಳು, ಸೋತಳು. ಕಾರಣ, ಪೇಟೆಂಟಿನಲ್ಲಿದ್ದ ‘ಮಾತ್ರ’ ಎಂಬ ಒಂದು ಪದ: ‘ಈ ಎರಡರಿಂದ ಮಾತ್ರ ಆದದ್ದು’. ಮೂರು ಬಂತೋ, ಅವಳ ಹಕ್ಕಿನ ಬೇಲಿ ಅಲ್ಲಿಗೇ ಮುಗಿಯಿತು.

ಅಂದಿನಿಂದ ಎರಡು ವರ್ಷ ಅವಳು, ಆ ಪದ ಬರೆದ ಭಾವನ ಮುಖ ನೋಡಿರಲಿಲ್ಲ.

೩
(ಭಾವನನ್ನು ಖಳನಾಯಕ ಮಾಡಲು ಹೊರಟಿದ್ದೆ. ಅವರು ಒಪ್ಪಲಿಲ್ಲ. “ಕಥೆ ನಿಮ್ದೇ ಸಾರ್. ಫೈಲ್ ನೋಡಿ ಬರೀರಿ.”)

ಇವತ್ತು ಕಾರಿಡಾರಿನಲ್ಲಿ ವಕೀಲರು ಅವಳ ಕೈಗೆ ಅಫಿಡವಿಟ್ ಕೊಟ್ಟರು: “‘ಮಾತ್ರ’ ಎಂಬುದು ಅರ್ಜಿ ಬರೆದವರು ನನ್ನನ್ನು ಕೇಳದೆ ಸೇರಿಸಿದ್ದು.” “ಸೈನ್ ಮಾಡಿ ಮೇಡಂ. ಉಳಿದಿರೋದು ಇದೊಂದೇ ದಾರಿ.”

ವಿಚಾರಣೆಗೆಂದು ಬಂದಿದ್ದ ಭಾವ ತಮ್ಮ ಹಳೆಯ ಫೈಲು ತೆರೆದು ತೋರಿಸಿದರು. ಫೋನ್ ಮಾತಿನ ಟಿಪ್ಪಣಿ, ತಾರೀಖು ಸಮೇತ.

“ನಾನೇ ಹೇಳಿದ್ನಾ ಭಾವ?”

“ಎರಡೇನಾ ಅಂತ ಮೂರು ಸಲ ಕೇಳ್ದೆ. ‘ಎರಡೇ ಮಾತ್ರ ಅಂತ ಬರೀರಿ, ಫ್ಲಾಸ್ಕ್ ಉಕ್ತಿದೆ’ ಅಂದು ಫೋನ್ ಇಟ್ಬಿಟ್ಟೆ ನೀನು.”

“ಇಷ್ಟು ದಿನ ಯಾಕೆ ಬಾಯಿ ಬಿಡ್ಲಿಲ್ಲ?”

“ಯಾರನ್ನಾದ್ರೂ ಬೈಬೇಕಿತ್ತಲ್ಲ ನಿಂಗೆ. ಬೈಕೊಳ್ಳಲಿ ಅಂತ ಬಿಟ್ಟೆ.”

ಅವಳು ಪೆನ್ನಿನ ಮುಚ್ಚಳ ಹಾಕಿ ಕಾಗದ ವಕೀಲರಿಗೆ ವಾಪಸು ಕೊಟ್ಟಳು. ಸಹಿಯಿಲ್ಲದೆ.

೪
ಮುಕ್ತಾಯ ‘ಅ’: ನ್ಯಾಯಾಧೀಶರು ಚಿಟಿಕೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಅವಳು ಗೆಲ್ಲುತ್ತಾಳೆ. (ಬರೆದೆ. ನನಗೇ ನಾಚಿಕೆಯಾಯಿತು.)

ಮುಕ್ತಾಯ ‘ಆ’: ಸೋಲು, ಲ್ಯಾಬಿಗೆ ಬೀಗ. (ಇದನ್ನು ಬರೆಯಲು ಕೈ ಬರಲಿಲ್ಲ.)

ನಡೆದದ್ದು ಇಷ್ಟೇ: ಅರ್ಧ ದಿನ ಒಂದೇ ಪದವನ್ನು ಹಿಂಜಿದ ನ್ಯಾಯಾಧೀಶರು ತೀರ್ಪು ಕಾಯ್ದಿರಿಸಿ ಎದ್ದುಹೋದರು.

ಮೆಟ್ಟಿಲಿಳಿಯುವಾಗ ಭಾವ ಕೇಳಿದರು, “ಮನೆಗೆ ಬರ್ತೀಯಾ? ನಿಮ್ಮಕ್ಕ ಕಾಯ್ತಿರ್ತಾಳೆ.”

“ಯಾವ ಮುಖ ಹೊತ್ಕೊಂಡು ಬರ್ಲಿ ಭಾವ?”

ಇದಕ್ಕೊಂದು ಒಳ್ಳೆಯ ಉತ್ತರ ಅವರ ಬಾಯಿಗಿಡಲು ನಾಲ್ಕು ಸಲ ನೋಡಿದೆ. ಅವರು ನನ್ನ ಕಡೆ ತಿರುಗಲೂ ಇಲ್ಲ. ಒಂದು ಮೆಟ್ಟಿಲು ಕೆಳಗೆ ನಿಂತು, ಅವಳು ಇಳಿಯಲೆಂದು ಕಾಯುತ್ತಿದ್ದರು.

ಇಳಿದಳೇ? ನನ್ನನ್ನು ಕೇಳಬೇಡಿ. ನಾನೂ ನೋಡುತ್ತಲೇ ಇದ್ದೇನೆ.